ಜಾಫರ್ ಭಾಯ್ ಉಪ್ಪು ನೋಡುವುದನ್ನು ಬಿಟ್ಟದ್ದು

ಗಂಗಾನಗರದ ಒಂದು ಟ್ರಸ್ಟ್ ಕ್ಲಿನಿಕ್ಕಿನಲ್ಲಿ ನಾನು ಹತ್ತೊಂಬತ್ತು ವರ್ಷದಿಂದ ನರ್ಸು. ನಾಗಲಕ್ಷ್ಮಿ ಎಂಬ ಹೆಸರಿದೆ, ಯಾರೂ ಕರೆಯುವುದಿಲ್ಲ. ಎಲ್ಲರಿಗೂ ಬರೀ ಸಿಸ್ಟರ್. ಅಟ್ಟೂರಿನಿಂದ ಎರಡು ಬಸ್ಸು ಬದಲಿಸಿ, ಹೆಬ್ಬಾಳದ ಟ್ರಾಫಿಕ್ಕಿಗೆ ಶಾಪ ಹಾಕುತ್ತಾ ಬರುವಷ್ಟರಲ್ಲಿ ನನ್ನ ಬಿಪಿಯೇ ಏರಿರುತ್ತದೆ. ಆಮೇಲೆ ಕೂತು ಊರವರ ಬಿಪಿ ನೋಡುತ್ತೇನೆ. ಮಾತ್ರೆ ನುಂಗದೆ ನುಂಗಿದೆ ಅನ್ನುವವರನ್ನು, ಉಪ್ಪಿನಕಾಯಿ ಚಪ್ಪರಿಸಿ ಬಂದು ಪಥ್ಯ ಮಾಡ್ತಿದೀನಿ ಅನ್ನುವವರನ್ನು ಮುಖ ನೋಡಿಯೇ ಹಿಡಿಯುತ್ತೇನೆ ಎಂಬ ಜಂಬ ನನಗೆ. ಆ ಜಂಬ ಇಳಿಸಿದವರು ಜಾಫರ್ ಭಾಯ್.

ಜಾಫರ್ ಭಾಯ್ ಬಾವರ್ಚಿ. ಆರ್.ಟಿ. ನಗರದಿಂದ ಹೆಬ್ಬಾಳದವರೆಗೆ ಯಾವ ಮದುವೆಯಲ್ಲಾದರೂ ಬಿರಿಯಾನಿ ಚೆನ್ನಾಗಿತ್ತು ಅಂದರೆ, ಅದು ಅವರ ಕೈಯದೇ ಇರಬೇಕು ಎಂದು ಜನ ಅಂದುಕೊಳ್ಳುತ್ತಾರೆ. ವಯಸ್ಸು ಐವತ್ತೇಳು. ನೂರು ಜನಕ್ಕಾಗುವ ತಾಮ್ರದ ದೇಗನ್ನು, ಅಂದರೆ ಆ ದೊಡ್ಡ ಹಂಡೆಯನ್ನು, ಇನ್ನೊಬ್ಬರ ಜೊತೆ ಸೇರಿ ಎತ್ತಿ ಒಲೆಗಿಡುವಾಗ ಅವರ ತೋಳು ನೋಡಬೇಕು. ಅಂಥ ಮನುಷ್ಯ ಹದಿನಾಲ್ಕು ವರ್ಷದ ಹಿಂದೆ ಮೊಹಲ್ಲಾದ ರಕ್ತದಾನ ಶಿಬಿರದಲ್ಲಿ ಎಲ್ಲರಿಗಿಂತ ಮೊದಲು ಹೋಗಿ ಮಲಗಿ ರಕ್ತ ಕೊಟ್ಟರು. ಮೂರು ವಾರದ ಮೇಲೆ ಫೋನ್ ಬಂತು. ರಕ್ತದಲ್ಲಿ ಹೆಪಟೈಟಿಸ್ ಬಿ ಇದೆಯಂತೆ.

ಅವತ್ತು ಅವರು ಕ್ಲಿನಿಕ್ಕಿಗೆ ಬಂದು ಕೇಳಿದ್ದು ಒಂದೇ ಪ್ರಶ್ನೆ. "ಸಿಸ್ಟರ್, ನನ್ ಕೈ ಅಡುಗೆ ತಿಂದೋರಿಗೆ ಇದು ಬರುತ್ತಾ?" ಬರುವುದಿಲ್ಲ ಎಂದು ಡಾಕ್ಟರ್ ವಂದನಾ ಮೂರು ಸಲ ಹೇಳಿದರು. ರಕ್ತದಿಂದ ಹರಡುವ ಕಾಯಿಲೆ ಅದು, ಊಟದಿಂದಲ್ಲ, ಎಂಜಲಿನ ತಟ್ಟೆಯಿಂದಲೂ ಅಲ್ಲ. ಹೆಂಡತಿ ಮಲ್ಕಾ, ಒಬ್ಬಳೇ ಮಗಳು ರೂಬಿ, ಇಬ್ಬರಿಗೂ ಪರೀಕ್ಷೆ ಮಾಡಿ ಲಸಿಕೆ ಹಾಕಿದೆವು. ಜಾಫರ್ ಭಾಯ್‌ಗೆ ದಿನಕ್ಕೊಂದು ಮಾತ್ರೆ, ಆರು ತಿಂಗಳಿಗೊಮ್ಮೆ ರಕ್ತ ಪರೀಕ್ಷೆ, ಲಿವರ್ ಸ್ಕ್ಯಾನ್. ಒಂದು ದಿನವೂ ತಪ್ಪಿಸಿದವರಲ್ಲ. ಪ್ರತಿ ಸಲವೂ "ವೈರಸ್ ಕಾಣಿಸ್ತಿಲ್ಲ, ಲಿವರ್ ಚೆನ್ನಾಗಿದೆ" ಎಂದು ಡಾಕ್ಟರ್ ಅಂದರೆ, ಮಾರನೆಯ ದಿನ ಕ್ಲಿನಿಕ್ಕಿಗೆಲ್ಲ ಖೀರು ಬರುತ್ತಿತ್ತು.

ಎರಡು ವರ್ಷದ ಹಿಂದೆ ಅದೇ ಖೀರಿನ ಪಾತ್ರೆ ಹಿಡಿದು ಮಹಡಿಯ ಮೆಟ್ಟಿಲು ಹತ್ತಿ ಬಂದವರು ಬಾಗಿಲಲ್ಲೇ ಏದುಸಿರು ಬಿಡುತ್ತಾ ಕೂತುಬಿಟ್ಟರು. ನಾನು ಓಡಿಹೋಗಿ ಬಿಪಿ ನೋಡಿದೆ. ನೂರ ಎಂಬತ್ತೆರಡು, ಕೆಳಗೆ ನೂರಾ ಆರು!

ಅವರ ಫೈಲು ತೆಗೆದೆ. ಒಂದು ಅಂಗುಲ ದಪ್ಪ. ಲಿವರ್, ಲಿವರ್, ಲಿವರ್. ಹನ್ನೆರಡು ವರ್ಷದ ಕಾಗದಗಳಲ್ಲಿ ಬಿಪಿ ಬರೆದದ್ದು ಎರಡೇ ಕಡೆ, ಅದೂ ಮೊದಲ ವರ್ಷದ್ದು. ಬೈಯಬೇಕೆಂದು ಬಾಯಿ ತೆರೆದೆ, ಬೈಯಬೇಕಾದ್ದು ನನ್ನನ್ನೇ. ಪ್ರತಿ ಸಲ ಅವರ ತೋಳಿನಿಂದ ರಕ್ತ ತೆಗೆದದ್ದು ನಾನು. ಅದೇ ತೋಳಿಗೆ ಬಿಪಿ ಪಟ್ಟಿ ಕಟ್ಟಲು ಎರಡು ನಿಮಿಷ ಸಾಕಾಗಿತ್ತು.

"ಈ ಕಾಯ್ಲೆಯೋರ್ದೆಲ್ಲ ಇದೇ ಕಥೆ," ಅಂದರು ಡಾಕ್ಟರ್ ವಂದನಾ. "ಮಾತ್ರೆಯಿಂದ ವೈರಸ್ ಹಿಡಿತದಲ್ಲಿರುತ್ತೆ, ಲಿವರ್ ಉಳ್ಕೊಳ್ಳುತ್ತೆ. ಪೇಷಂಟೂ ಖುಷಿ, ನಾವೂ ಖುಷಿ. ಎಲ್ಲ್ರೂ ಲಿವರ್ ಕಡೆ ನೋಡ್ತಾ ಕೂತಿರ್ತೀವಿ, ಪಕ್ಕದಲ್ಲಿ ಹಾರ್ಟು ಸದ್ದಿಲ್ದೆ ಕೆಡ್ತಾ ಇರುತ್ತೆ."

ಬಿಪಿ ಮಾತ್ರೆ ಶುರುವಾಯಿತು. ಜಾಫರ್ ಭಾಯ್ ಎರಡು ತಿಂಗಳು ಅದನ್ನು ಮುಟ್ಟಲೇ ಇಲ್ಲ. ಮಾತ್ರೆಯೆಲ್ಲ ಲಿವರಿಗೆ ಹೊಡೆತ, ಇಷ್ಟು ವರ್ಷ ಕಾಪಾಡಿಕೊಂಡ ಲಿವರನ್ನು ಕೈಯಾರೆ ಕೆಡಿಸಿಕೊಳ್ಳುವುದೇ ಎಂದು ಅವರ ಲೆಕ್ಕ. ಗೊತ್ತಾದ ದಿನ ನಾನು ಕೂಗಾಡಿದ್ದು ಕೆಳಗಿನ ಮೆಡಿಕಲ್ ಶಾಪಿಗೂ ಕೇಳಿಸಿತಂತೆ. ಈ ಮಾತ್ರೆಯಿಂದ ನಿಮ್ಮ ಲಿವರಿಗೇನೂ ಆಗುವುದಿಲ್ಲ, ಎರಡೂ ಒಟ್ಟಿಗೆ ತಗೊಳ್ಳಬಹುದು ಎಂದು ಡಾಕ್ಟರ್ ಬಿಡಿಸಿ ಹೇಳಿದ ಮೇಲೆ ಮಲ್ಕಾ ಕಣಕ್ಕಿಳಿದರು. ಮಾತ್ರೆ ಅವರ ಕೈಯಿಂದಲೇ, ನೀರು ಕುಡಿದು ಬಾಯಿ ತೆರೆದು ತೋರಿಸಬೇಕು. ಮನೆ ಅಡುಗೆ ಸಪ್ಪೆ. ಗಂಡ ಒಬ್ಬರೇ ಸಪ್ಪೆ ತಿನ್ನುವುದು ನೋಡಲಾಗದೆ ತಾವೂ ಸಪ್ಪೆಯನ್ನೇ ತಿಂದರು.

ಆದರೂ ಬಿಪಿ ಇಳಿಯಲಿಲ್ಲ! ಒಂದು ಮಾತ್ರೆ ಎರಡಾಯಿತು, ಎರಡು ಮೂರಾಯಿತು. ಈ ವರ್ಷ ಜನವರಿಯಲ್ಲಿ ಎಕೋ ಮಾಡಿಸಿದಾಗ ಹೃದಯದ ಗೋಡೆ ದಪ್ಪಗಾಗಿದೆ ಎಂದು ಬಂತು. ಅದೇ ಹೊತ್ತಿಗೆ ರೂಬಿಯ ಮದುವೆ ಗೊತ್ತಾಗಿತ್ತು. ರಂಜಾನ್ ಮುಗಿದು ನಾಲ್ಕು ವಾರಕ್ಕೆ ನಿಕಾಹ್, ಸಾವಿರ ಜನ, ಹತ್ತು ದೇಗ್. ಊರಿನವರ ಹೆಣ್ಣುಮಕ್ಕಳಿಗೆಲ್ಲ ಬಿರಿಯಾನಿ ಮಾಡಿದ ಮನುಷ್ಯ ಮೂವತ್ತು ವರ್ಷದಿಂದ ಕಾದದ್ದು ಈ ಹತ್ತು ದೇಗಿಗೆ.

ರೂಬಿ ನರ್ಸರಿ ಶಾಲೆಯಲ್ಲಿ ಟೀಚರ್. ಮೂರು ವರ್ಷದ ಮಕ್ಕಳನ್ನು ಸುಮ್ಮನಿರಿಸುವವಳಿಗೆ ಅಪ್ಪ ಯಾವ ಲೆಕ್ಕ? ಕ್ಲಿನಿಕ್ಕಿಗೇ ಬಂದು ಎಲ್ಲರೆದುರು ಹೇಳಿದಳು. "ಅಬ್ಬಾ, ಮದ್ವೆ ಹಿಂದಿನ್ ದಿನ ಸಿಸ್ಟರ್ ಬಿಪಿ ನೋಡ್ತಾರೆ. ನೂರ ನಲವತ್ತು, ತೊಂಬತ್ತರ ಒಳಗಿದ್ರೆ ದೇಗ್ ನಿಮ್ದು. ಇಲ್ಲಾಂದ್ರೆ ಕೇಟರಿಂಗ್‌ನೋರು ಬರ್ತಾರೆ, ನೀವು ಶೇರ್ವಾನಿ ಹಾಕ್ಕೊಂಡು ಮುಂದೆ ಕೂತ್ಕೋಬೇಕು. ಬೆಂಕಿ ಮುಂದೆ ನೀವು ಬಿದ್ದೋಗೋದನ್ನ ನಾನು ಮದ್ವೆ ದಿನ ನೋಡಲ್ಲ."

ಬೇರೆಯವರ ಬಿರಿಯಾನಿ! ಮಗಳ ಮದುವೆಯಲ್ಲಿ! ಜಾಫರ್ ಭಾಯ್ ಮುಖ ಕೆಂಡದ ಹಾಗಾಯಿತು. ಆದರೆ ಒಪ್ಪಿಕೊಂಡರು.

ಆಮೇಲೆ ರಂಜಾನ್ ಬಂತು, ಪವಾಡವೇ ನಡೆದುಹೋಯಿತು. ಹಿಂದಿನ ರಂಜಾನಿನಲ್ಲಿ ಬಿಪಿ ನೋಡಿಸಲು ಬಾರದವರು, ಈ ಸಲ ಮಗಳ ಷರತ್ತಿಗೆ ವಾರವಾರವೂ ಬಂದರು. ಮೊದಲ ವಾರ ನೂರ ಐವತ್ತೆರಡು. ಎರಡನೇ ವಾರ ನೂರ ನಲವತ್ತು. ನಾಲ್ಕನೇ ವಾರ ನೂರ ಮೂವತ್ತನಾಲ್ಕು, ಎಂಬತ್ತನಾಲ್ಕು! ನಾನು ಕೂಗಿದ ಕೂಗಿಗೆ ಡಾಕ್ಟರ್ ತಮ್ಮ ರೂಮಿನಿಂದ ಎದ್ದು ಬಂದರು. ಎಲ್ಲ ರೋಜಾದ ಬರಕತ್ತು, ಉಪವಾಸದ ಪುಣ್ಯ ಅಂದರು ಜಾಫರ್ ಭಾಯ್. ಕೆಲಸ ಕಡಿಮೆ, ವಿಶ್ರಾಂತಿ ಜಾಸ್ತಿ, ಅದಕ್ಕೇ ಅಂದರು ಡಾಕ್ಟರ್. ಅದೂ ಪೂರ್ತಿ ನಿಜವಲ್ಲ. ರೋಜಾ ಹಿಡಿದುಕೊಂಡೇ ಅವರು ದಿನಾ ಮಧ್ಯಾಹ್ನ ಮಸೀದಿಯ ಇಫ್ತಾರ್ ಗಂಜಿ ಎರಡು ದೇಗ್ ಬೇಯಿಸುತ್ತಿದ್ದರು.

ಈದ್ ಆಯಿತು. ಮದುವೆಯ ಸೀಸನ್ ಶುರುವಾಯಿತು. ಹತ್ತೇ ದಿನದಲ್ಲಿ ನೂರ ಅರವತ್ತೆಂಟು, ನೂರು.

ನನಗೆ ತಡೆಯಲಾಗಲಿಲ್ಲ. "ಜಾಫರ್ ಭಾಯ್, ಮದ್ವೆ ಮನೇಲಿ ಕದ್ದು ಬಿರಿಯಾನಿ ತಿಂತಿದೀರಾ ತಾನೆ? ನಿಜ ಹೇಳಿ!"

"ಖುದಾ ಕಸಮ್ ಸಿಸ್ಟರ್, ಒಂದ್ ತುತ್ತೂ ಇಲ್ಲ."

"ಹಾಗಾದ್ರೆ ಮಾತ್ರೆ ಬಿಟ್ಟಿದೀರಾ."

"ಮಲ್ಕಾನ ಕೇಳಿ."

"ಕೇಳೋದೇನು, ಮಿಷನ್ ಸುಳ್ಳು ಹೇಳುತ್ತಾ? ನೀವೇ ಸುಳ್ಳು ಹೇಳ್ತಿರೋದು!"

ಅವರು ತೋಳಿನ ಬಟ್ಟೆ ಇಳಿಸಿಕೊಂಡು ಎದ್ದು ಹೋದರು. ಹಾಗೆ ಎದ್ದು ಹೋದದ್ದು ನನಗೆ ಚುಚ್ಚಿತು. ಚುಚ್ಚಿದ್ದಕ್ಕೇ ಹಟ ಇನ್ನೂ ಹೆಚ್ಚಿತು. ಆ ಭಾನುವಾರ ನನಗೆ ರಜೆ. ಆರ್.ಟಿ. ನಗರದಲ್ಲಿ ಒಂದು ನಿಶ್ಚಿತಾರ್ಥಕ್ಕೆ ನಾಲ್ಕು ದೇಗ್ ಏರಿಸುತ್ತಾರೆ ಎಂದು ತಿಳಿದು, ಬೆಳಿಗ್ಗೆ ಏಳಕ್ಕೇ ಹೋಗಿ ಒಲೆಯ ಪಕ್ಕ ಸ್ಟೂಲ್ ಹಾಕಿಕೊಂಡು ಕೂತೆ. ಕೈಯಾರೆ ಹಿಡಿದೇಬಿಡುತ್ತೇನೆ ಎಂಬ ಉತ್ಸಾಹ.

ಎಂಟು ಗಂಟೆಗೆ ಮಲ್ಕಾ ಕಟ್ಟಿಕೊಟ್ಟ ಡಬ್ಬಿ ಬಿಚ್ಚಿದರು. ನಾನೂ ಒಂದು ಚೂರು ಮುರಿದು ಬಾಯಿಗೆ ಹಾಕಿಕೊಂಡೆ. ಸಪ್ಪೆ ಅಂದರೆ ಸಪ್ಪೆ. ಒಂಬತ್ತು, ಹತ್ತು. ಬೇರೆ ಏನನ್ನೂ ತಿನ್ನಲಿಲ್ಲ, ಚಹಾ ಕೂಡ ಬೇಡವೆಂದರು. ನನ್ನ ಉತ್ಸಾಹ ಇಳಿಯತೊಡಗಿತು.

ಆಗ ಕಂಡಿತು ಆ ಕೈ. ಅವರ ಜೊತೆಯ ಅಡುಗೆಯವನು ಸಾಕಿಬ್ ದೇಗಿನಿಂದ ಸೌಟಿನಲ್ಲಿ ಮಸಾಲೆಯ ರಸ ತೆಗೆದು ಜಾಫರ್ ಭಾಯ್ ಅಂಗೈಗೆ ಸುರಿದ. ಅವರು ಬಾಯಿಗಿಟ್ಟು ಹೀರಿ, ಕಣ್ಣು ಮುಚ್ಚಿ, "ಇನ್ನೊಂದು ಹಿಡಿ," ಅಂದರು. ಸಾಕಿಬ್ ಉಪ್ಪು ಹಾಕಿದ. ಮತ್ತೆ ಸೌಟು, ಮತ್ತೆ ಅಂಗೈ. ಎರಡನೇ ದೇಗು. ಅಂಗೈ. ಅಕ್ಕಿ ಬೇಯಿಸುವ ನೀರು, ಅದಂತೂ ಉಪ್ಪೋ ಉಪ್ಪು. ಅಂಗೈ. ಬಿರಿಯಾನಿ ಜೊತೆಗೆ ಬಡಿಸುವ ಬೇಳೆಸಾರು ದಾಲ್ಚಾ. ಅಂಗೈ. ಇಷ್ಟು ಹೊತ್ತೂ ಕಣ್ಣೆದುರಿಗೇ ನಡೆಯುತ್ತಿತ್ತು. ಅಡುಗೆಯವರು ರುಚಿ ನೋಡುವುದು ಯಾರ ಕಣ್ಣಿಗೆ ಬೀಳುತ್ತದೆ?

ನಾನು ಸ್ಟೂಲಿನಿಂದ ಎದ್ದ ರಭಸಕ್ಕೆ ಅದು ಉರುಳಿತು. "ಜಾಫರ್ ಭಾಯ್! ಅದೇನದು ಬಾಯಿಗೆ ಹಾಕ್ಕೊಂಡಿದ್ದು?"

ಅವರಿಗೆ ನಿಜವಾಗಿಯೂ ಅರ್ಥವಾಗಲಿಲ್ಲ. "ಏನ್ ಸಿಸ್ಟರ್?"

"ಆ ರಸ!"

"ಓ, ಅದಾ? ಅದು ಊಟ ಅಲ್ಲ ಸಿಸ್ಟರ್. ಅದು ಕೆಲ್ಸ."

ನಾನು ಪಕ್ಕದ ಮೆಡಿಕಲ್ ಶಾಪಿಗೆ ಓಡಿದೆ. ಕೆಮ್ಮಿನ ಔಷಧಿ ಅಳೆಯುವ ಮುಚ್ಚಳ ಇಸ್ಕೊಂಡು ಬಂದು, "ಇನ್ಮೇಲೆ ಬಾಯಿಗೆ ಬೇಡ, ಮೊದ್ಲು ಇದಕ್ಕೆ ಹಾಕಿ, ಎಷ್ಟಿದೆ ನೋಡೋಣ," ಅಂದೆ. ಒಂದು ಅಂಗೈಗೆ ಏಳು ಎಂ.ಎಲ್. ಆಮೇಲೆ ಅಂಗೈ ಒಡ್ಡಿದಾಗಲೆಲ್ಲ ಗೋಡೆಯ ಮೇಲೆ ಇದ್ದಿಲಿನಿಂದ ಒಂದೊಂದು ಗೀಟು ಹಾಕಿ ಎಣಿಸಿದೆ. ಅದಕ್ಕೆ ಮೊದಲೇ ಎಷ್ಟು ಸಲ ಆಗಿತ್ತೆಂದು ಸಾಕಿಬ್ ನೆನಪು ಮಾಡಿ ಹೇಳಿದ. ನಾಲ್ಕು ದೇಗಿಗೆ ಒಟ್ಟು ನಲವತ್ತೊಂದು ಗೀಟು. ಕಾಲು ಲೀಟರಿಗೂ ಮೇಲೆ! ಡಾಕ್ಟರಿಗೆ ಅಲ್ಲಿಂದಲೇ ಫೋನ್ ಮಾಡಿದೆ. ಅವರು ಅತ್ತ ಲೆಕ್ಕ ಹಾಕಿ, "ಸಿಸ್ಟರ್, ಅಂದ್ರೆ ಊಟಕ್ಕೆ ಕೂರೋ ಮೊದ್ಲೇ ಇಡೀ ದಿನದ ಉಪ್ಪು ಒಳಗೆ ಹೋಗಿರುತ್ತೆ," ಅಂದರು. "ಹತ್ತು ದೇಗಾದ್ರೆ ಎರಡು ದಿನದ್ದಕ್ಕೂ ಜಾಸ್ತಿ."

"ಮತ್ತೆ ರಂಜಾನಲ್ಲಿ ಹೇಗೆ ಇಳೀತು ಮೇಡಂ?"

ಉತ್ತರ ಕೊಟ್ಟವರು ಪಕ್ಕದಲ್ಲಿ ನಿಂತು ಕೇಳಿಸಿಕೊಳ್ಳುತ್ತಿದ್ದ ಜಾಫರ್ ಭಾಯ್. ಬಹಳ ಮೆಲ್ಲಗೆ ಹೇಳಿದರು. "ರೋಜಾದಲ್ಲಿ ನುಂಗಂಗಿಲ್ಲ ಸಿಸ್ಟರ್. ಅಡುಗೆಯೋನು ನಾಲಿಗೆ ತುದಿಗೆ ತಾಗಿಸಿ ಉಗುಳಬೋದು. ಉಗುಳಿಬಿಡ್ತೀನಿ ನಾನು."

ನಾನು, ಅವರು, ಸಾಕಿಬ್ ಮೂವರೂ ಒಬ್ಬರ ಮುಖ ಒಬ್ಬರು ನೋಡಿಕೊಂಡೆವು. ಎರಡು ವರ್ಷ! ಎರಡು ವರ್ಷದಿಂದ ಮೂರು ಮಾತ್ರೆ, ಎಕೋ, ಕಣ್ಣೀರು, ನನ್ನ ಕೂಗಾಟ. ಕಾರಣ ಅಂಗೈಯಲ್ಲೇ ಇತ್ತು. ನಾನು ಎಲ್ಲರೆದುರೂ ಅವರಿಗೆ ಕೈ ಮುಗಿದು, "ನಿಮ್ಮನ್ನ ಸುಳ್ಳ ಅಂದ್ಬಿಟ್ಟೆ ಜಾಫರ್ ಭಾಯ್, ತಪ್ಪಾಯ್ತು," ಅಂದೆ. ಅವರು ನಕ್ಕು, "ಬಿಡಿ ಸಿಸ್ಟರ್, ಹೆಬ್ಬಾಳದ ಟ್ರಾಫಿಕ್ಕಿಗೆ ಬೈಯೋದನ್ನ ನಂಗೆ ಬೈದ್ರಿ," ಅಂದರು.

ಉಪ್ಪಿಗಿಂತ ರುಚಿಯಿಲ್ಲ ಎಂದು ನಮ್ಮ ಹಿರಿಯರು ಹೇಳಿಟ್ಟಿದ್ದಾರೆ. ಪಾಪ, ಅವರು ಬಿಪಿ ನೋಡಿಸಿಕೊಂಡಿರಲಿಲ್ಲ. ಅವತ್ತಿನಿಂದ ಜಾಫರ್ ಭಾಯ್ ಉಪ್ಪು ನೋಡುವುದು ಬಂದ್. ವರ್ಷವಿಡೀ ಉಗುಳಿ ಎಂದರೆ ಒಪ್ಪಲಿಲ್ಲ. ರಂಜಾನಿನಲ್ಲಿ ಎಲ್ಲರಿಗೂ ಅರ್ಥವಾಗುತ್ತದೆ, ಮದುವೆ ಮನೆಯಲ್ಲಿ ಅನ್ನದ ಮುಂದೆ ನಿಂತು ಉಗುಳಿದರೆ ನೋಡಿದವರು ಏನಂದಾರು? ಅದರ ಮೇಲೆ ಅವರ ಕಾಯಿಲೆ ಗೊತ್ತಿದ್ದವರು? ಹಾಗಾಗಿ ಆ ಕೆಲಸ ಸಾಕಿಬ್‌ಗೆ ಬಿತ್ತು. ಗುಟ್ಕಾ ಹಾಕಿ ಹಾಕಿ ಸಾಕಿಬ್‌ನ ನಾಲಿಗೆ ಎಂದೋ ಸತ್ತಿತ್ತು. ಮೂರು ಸಣ್ಣ ಆರ್ಡರ್ ಮಾಡಿದರು; ಒಂದು ಸಪ್ಪೆ, ಎರಡು ಕಡಲು. ಜನ ಗೊಣಗಿದರು. ಆದರೆ ಬಿಪಿ ಇಳಿಯಿತು. ನೂರ ಐವತ್ತು, ನೂರ ನಲವತ್ತೆರಡು, ಮತ್ತು ಮದುವೆಯ ಹಿಂದಿನ ಬೆಳಿಗ್ಗೆ, ರೂಬಿ ಪಕ್ಕದಲ್ಲೇ ನಿಂತು ನೋಡುತ್ತಿರುವಾಗ, ನೂರ ಮೂವತ್ತೆಂಟು, ಎಂಬತ್ತಾರು! ಮೆಹಂದಿ ಹಚ್ಚಿದ ಕೈಯನ್ನು ದೂರ ಹಿಡಿದುಕೊಂಡೇ ರೂಬಿ ಅಪ್ಪನ ಹೆಗಲಿಗೆ ತಲೆ ಒತ್ತಿದಳು.

ಮದುವೆಯ ದಿನ ನಾನು ಮೊದಲ ಬಸ್ಸಿಗೇ ಹೊರಟೆ. ಶಾದಿ ಮಹಲಿನ ಹಿತ್ತಲಲ್ಲಿ ಹತ್ತು ಒಲೆ ಸಾಲಾಗಿ ಉರಿಯುತ್ತಿದ್ದವು. ಜಾಫರ್ ಭಾಯ್ ಲುಂಗಿ ಎತ್ತಿ ಕಟ್ಟಿ ಒಂದು ಒಲೆಯಿಂದ ಇನ್ನೊಂದಕ್ಕೆ ಓಡುತ್ತಿದ್ದರು. ಇಪ್ಪತ್ತು ವರ್ಷ ಕಡಿಮೆಯಾದವರ ಹಾಗೆ ಕಾಣುತ್ತಿದ್ದರು. ಮೊದಲ ದೇಗಿನ ಅಕ್ಕಿ ನೀರು ಕುದಿಯಿತು. ಅವರೇ ಹಿಡಿ ಹಿಡಿಯಾಗಿ ಉಪ್ಪು ಹಾಕಿದರು. ನೆನೆದ ಅಕ್ಕಿ ಕಾಯುತ್ತಿತ್ತು, ಹೆಚ್ಚು ಹೊತ್ತು ಕಾಯುವಂತೆಯೂ ಇಲ್ಲ. ಸಾಕಿಬ್ ಸೌಟಿನಲ್ಲಿ ನೀರು ಎತ್ತಿದ, ಆರಲೆಂದು ಊದಿದ, ಅಭ್ಯಾಸಬಲದಿಂದ ಜಾಫರ್ ಭಾಯ್ ಕಡೆ ಚಾಚಿದ. ಅವರೂ ಅಂಗೈ ಒಡ್ಡಿದರು.

"ಜಾಫರ್ ಭಾಯ್!" ಅಂದೆ.

"ಇವತ್ತೊಂದ್ ದಿನ ಸಿಸ್ಟರ್." ಅವರ ಧ್ವನಿ ಅಳುವವರ ಹಾಗಿತ್ತು. "ನನ್ ಮಗ್ಳ ಮದ್ವೆ. ಸಾಕಿಬ್‌ನ ನಂಬಿ ಹತ್ತು ದೇಗ್ ಹೆಂಗ್ ಬಿಡ್ಲಿ? ಸಾವಿರ ಜನದ ಮುಂದೆ ಮಾನ ಹೋಗ್ಲಾ?"

ಮೊದಲ ಅಂಗೈಯೇ ಕಷ್ಟ; ಅದಾದ ಮೇಲೆ ನೂರನೆಯದಕ್ಕೂ ಕಾರಣ ಸಿಗುತ್ತದೆ. ದಪ್ಪಗಾದ ಆ ಹೃದಯ, ಈ ಬೆಂಕಿ, ಎರಡು ದಿನದ ಉಪ್ಪು ಒಂದೇ ಬೆಳಿಗ್ಗೆಗೆ. ನಾನು ಬಿಪಿ ಮಿಷನ್ ಹಿಡಿದು ಅವರ ಕಡೆ ಹೆಜ್ಜೆ ಹಾಕಿದೆ.

ಅಷ್ಟರಲ್ಲಿ ಹಿತ್ತಲ ಬಾಗಿಲಿನಿಂದ ಮಲ್ಕಾ ಬಂದರು. ಹೊಸ ರೇಷ್ಮೆ ಸೀರೆ, ಕೈತುಂಬ ಬಳೆ, ಒಳಗೆ ಮದುಮಗಳ ಪಕ್ಕದಲ್ಲಿರಬೇಕಾದವರು. ಒಲೆಗಳ ಸಾಲಿಗೆ ಹೆಂಗಸರು ಬರುವ ಪದ್ಧತಿಯೇ ಇಲ್ಲ; ಅಡುಗೆಯ ಗಂಡಸರೆಲ್ಲ ತಲೆಯೆತ್ತಿ ನೋಡಿದರು. ಗಂಡ ಹೆಂಡತಿ ಮಾತಾಡಿದ್ದು ಅವರ ಉರ್ದುವಿನಲ್ಲಿ, ನನಗೆ ತಿಳಿದಷ್ಟು ಹೇಳುತ್ತೇನೆ.

"ನಕ್ಕೋ," ಅಂದರು ಮಲ್ಕಾ. "ನೀವು ಬೇಡ. ನಾನು ನೋಡ್ತೀನಿ."

"ದೇಗಿನ ಉಪ್ಪು ನಿನಗೇನು ಗೊತ್ತು?"

"ಎರಡು ವರ್ಷ ನಿಮ್ಮ ಜೊತೆ ಸಪ್ಪೆ ತಿಂದಿದ್ದೀನಿ. ಉಪ್ಪು ಅಂದ್ರೆ ಏನು ಅಂತ ಈ ಮಹಲಲ್ಲಿ ಗೊತ್ತಿರೋದು ನನಗೊಬ್ಬಳಿಗೇ."

ಜಾಫರ್ ಭಾಯ್ ಅಂಗೈಯಲ್ಲಿ ಆಗಲೇ ನೀರಿತ್ತು. ಕಾಯಿಲೆ ಗೊತ್ತಾದಂದಿನಿಂದ ಈ ಮನುಷ್ಯ ತನ್ನ ತಟ್ಟೆ, ಲೋಟ ಬೇರೆ ಇಟ್ಟುಕೊಂಡಿದ್ದರು. ಹೆಂಡತಿಗೆ ಲಸಿಕೆಯಾಗಿದೆ, ಒಟ್ಟಿಗೆ ತಿಂದರೆ ಏನೂ ಆಗುವುದಿಲ್ಲ ಎಂದು ನಾವು ಎಷ್ಟು ಹೇಳಿದರೂ ಕೇಳಿರಲಿಲ್ಲ. ಮಲ್ಕಾ ಅವರ ಮಣಿಕಟ್ಟು ಹಿಡಿದು, ಆ ಅಂಗೈಯನ್ನೇ ತಮ್ಮ ಬಾಯಿಗೆ ತಂದುಕೊಂಡರು. ನಾಲಿಗೆ ತಾಗಿಸಿದರು. ತಿರುಗಿ ನಲ್ಲಿಯ ಹತ್ತಿರ ಹೋಗಿ, ಯಾರ ಮುಲಾಜೂ ಇಲ್ಲದೆ ಉಗುಳಿ ಬಾಯಿ ಮುಕ್ಕಳಿಸಿ ಬಂದರು. ನನ್ನ ಕಣ್ಣು ತುಂಬಿತು, ಹೊಗೆಯ ಮೇಲೆ ಹಾಕಿದೆ.

"ಜಾಸ್ತಿ," ಅಂದರು.

"ಮೂವತ್ತು ವರ್ಷದಿಂದ ಇಷ್ಟೇ ಹಾಕಿದ್ದೀನಿ!"

"ಇಲ್ಲ. ಎರಡು ವರ್ಷದಿಂದ ಜಾಸ್ತಿ ಹಾಕ್ತಿದ್ದೀರ. ಮನೇಲಿ ಸಪ್ಪೆ ತಿಂದು ಬಂದ ನಾಲಿಗೆ ಇಲ್ಲಿ ಬೇಡುತ್ತೆ, ಕೈ ಹಾಕುತ್ತೆ. ನಿಮ್ಮ ಮುಂದೆ ಯಾರು ಹೇಳ್ತಾರೆ?"

ನನಗೆ ಥಟ್ಟನೆ ಫೆಬ್ರವರಿಯ ಒಂದು ಮದುವೆ ನೆನಪಾಯಿತು. ಬಿರಿಯಾನಿ ತಿಂದು ಸಂಜೆಯವರೆಗೂ ನೀರು ಕುಡಿದಿದ್ದೆ, ಮರ್ಯಾದೆಗೆ ಚೆನ್ನಾಗಿದೆ ಅಂದಿದ್ದೆ. ಈಗ ಬಾಯಿ ಬಿಟ್ಟು ಹೇಳಿಯೂಬಿಟ್ಟೆ. ಜಾಫರ್ ಭಾಯ್ ನನ್ನನ್ನು ನೋಡಿದರು, ಹೆಂಡತಿಯನ್ನು ನೋಡಿದರು, ಕುದಿಯುವ ದೇಗನ್ನು ನೋಡಿದರು. ಇವಳ ಮಾತು ತಪ್ಪಾದರೆ ಹತ್ತು ದೇಗ್ ಸಪ್ಪೆ, ಮಗಳ ಮದುವೆ ಊರೆಲ್ಲ ಮಾತು. ಅಕ್ಕಿ ಕಾಯುತ್ತಿತ್ತು.

"ಸಾಕಿಬ್," ಅಂದರು ಕೊನೆಗೆ. "ಎರಡ್ ಬಿಂದಿಗೆ ನೀರ್ ಹಾಕು. ಎಲ್ಲಾ ದೇಗಿಗೂ ಮಲ್ಕಾ ಆಪಾ ಹೇಳ್ದಂಗೆ."

ಆಮೇಲೆ ನಡೆದದ್ದು ಮಿಂಚು. ಮಲ್ಕಾ ಸೆರಗು ಸಿಕ್ಕಿಸಿ ಹತ್ತು ಒಲೆಯ ಮುಂದೆಯೂ ನಡೆದರು. "ಸಾಕು." "ಒಂದ್ ಹಿಡಿ." "ನೀರು." ಹಿಂದೆಯೇ ಜಾಫರ್ ಭಾಯ್, ಅವರ ಹಿಂದೆ ಸಾಕಿಬ್, ಕೊನೆಯಲ್ಲಿ ಬಿಪಿ ಮಿಷನ್ ಹಿಡಿದ ನಾನು. ಅಕ್ಕಿ ಬಿತ್ತು, ಮಸಾಲೆಯ ಮೇಲೆ ಅನ್ನ ಬಿತ್ತು, ಮುಚ್ಚಳಕ್ಕೆ ಹಿಟ್ಟು ಮೆತ್ತಿ ದಮ್ ಹಾಕಿದರು.

ಮೊದಲ ದೇಗ್ ತೆರೆದ ಕೂಡಲೇ ಮದುಮಗಳಿಗೆಂದು ಒಂದು ತಟ್ಟೆ ತುಂಬಿ ನಾನೇ ಒಳಗೆ ಒಯ್ದೆ. ಜರಿಯ ದುಪಟ್ಟಾದೊಳಗಿಂದ ರೂಬಿ ಕೈ ಚಾಚಿದಳು. ಒಂದು ತುತ್ತು ಬಾಯಿಗಿಟ್ಟುಕೊಂಡಳು. ಅಗಿಯುವುದನ್ನು ನಿಲ್ಲಿಸಿದಳು.

"ಸಿಸ್ಟರ್, ಇದು ಅಬ್ಬಾ ನೋಡಿದ್ ಉಪ್ಪಲ್ಲ."

"ಅಲ್ಲಮ್ಮ," ಅಂದೆ. "ಚೆನ್ನಾಗಿಲ್ವಾ?"

"ಒಂದ್ ಸಲಾನೂ ಬಾಯಿಗೆ ಹಾಕ್ಕೊಂಡಿಲ್ವಾ ಅವ್ರು? ಇವತ್ತೂ?"

"ಒಂದ್ ಹನಿ ಇಲ್ಲ. ನಾನು ಪಕ್ಕದಲ್ಲೇ ಇದ್ದೆ. ನಿಮ್ಮಮ್ಮ ನೋಡಿದ್ದು."

ಎರಡನೇ ತುತ್ತು ಮೊದಲಿನದಕ್ಕಿಂತ ದೊಡ್ಡದು, ಮೂರನೆಯದು ಇನ್ನೂ ದೊಡ್ಡದು. ಕಣ್ಣಿನ ಕಾಡಿಗೆ ಕೆನ್ನೆಗೆ ಇಳಿಯುತ್ತಿತ್ತು, ಸುತ್ತಲಿನ ಹೆಂಗಸರು ಅಯ್ಯೋ ಮೇಕಪ್ಪು ಎಂದು ಕರವಸ್ತ್ರ ಹುಡುಕುತ್ತಿದ್ದರು. ರೂಬಿ ಬಾಯಿ ತುಂಬ ಅನ್ನವಿಟ್ಟುಕೊಂಡೇ ಖಾಲಿ ತಟ್ಟೆಯನ್ನು ನನ್ನ ಕಡೆ ನೂಕಿ, "ಇನ್ನೂ ಸ್ವಲ್ಪ ಹಾಕ್ಸ್ಕೊಂಡ್ ಬನ್ನಿ," ಅಂದಳು.